ಎರಡನೇ ಕೊಪ್ಪರಿಗೆ

ಮಾಚೇನಹಳ್ಳಿಯ ಬಿಯರ್ ಫ್ಯಾಕ್ಟರಿಯಲ್ಲಿ
ಕೊಪ್ಪರಿಗೆ ತೊಳೆಯುವವಳು ನಾನು, ಗುತ್ಯಮ್ಮ.
ಒಂದು ಗುಟುಕೂ ಕುಡಿದವಳಲ್ಲ. ಆದರೆ ಮೂಗು ನನ್ನದು:
ಮುಚ್ಚಳ ಎತ್ತಿದರೆ ಹೇಳಿಬಿಡುತ್ತೇನೆ
ಯಾವ ಮಾಲು ಕುದಿದಿತ್ತು, ಎಷ್ಟು ದಿನವಾಯಿತು,
ಕುದಿಸಿದವನಿಗೆ ಅವತ್ತು ನಿದ್ದೆಗಣ್ಣಿತ್ತೋ ಇಲ್ಲವೋ.

ಒಂದು ಸೋಮವಾರ ಮುಂಬಯಿಯಿಂದ ಬಂದರು
ರೋಹೇಕರ್ ಸಾಹೇಬರು. ಯಹೂದಿಗಳಂತೆ.
ನೆತ್ತಿಯ ಹಿಂಬದಿಗೆ ಅಂಗೈಯಗಲ ಟೊಪ್ಪಿ,
ಕೈಯಲ್ಲಿ ಟಾರ್ಚು.
ತಮ್ಮ ಜನ ಕುಡಿಯಬಹುದಾದ ಬಿಯರು ಇದು
ಎಂದು ಅವರು ಬರೆದುಕೊಟ್ಟರೆ
ನಮ್ಮ ಡಬ್ಬ ಹಡಗು ಹತ್ತುತ್ತದೆ.

ಬಾರ್ಲಿಗೆ ತಕರಾರಿಲ್ಲ. ಹಾಪ್ಸಿಗೆ, ಹುದುಗಿಗೆ,
ಹೊಳೆನೀರಿಗೆ ಇಲ್ಲ.
ತಕರಾರು ಎರಡನೇ ಕೊಪ್ಪರಿಗೆಯದು.

ಬೇಸಿಗೆಯಲ್ಲಿ ನಮ್ಮ ಲೋಬೋ ಸಾಹೇಬರಿಗೆ ಹುಚ್ಚು ಹತ್ತಿ
ಕುಂದಾಪುರದಿಂದ ಮೂಟೆ ಬಳಚು ಘಾಟಿ ಹತ್ತಿಸಿದ್ದರು,
ಚಿಪ್ಪಿನ ಸಮೇತ ಕರೀ ಬಿಯರಿನಲ್ಲಿ ಕುದಿಸಿದ್ದರು.
ಅದನ್ನು ಯಾರು ಕುಡಿದರೋ.
ಸಮುದ್ರ ಮಾತ್ರ ನನ್ನ ಬ್ರಷ್ಷಿಗೆ ಅಂಟಿ ವಾರವಿತ್ತು.

“ಇದರಲ್ಲೇನಾ?”
ಮ್ಯಾನೇಜರು ಸೂರು ನೋಡಿದರು. ಲೋಬೋ ನೆಲ ನೋಡಿದರು.
ಹೂಂ ಅಂದೆ ನಾನು.

ಮರಾಠಿಯಲ್ಲಿ ಅವರು ಹೇಳಿದ್ದು
ಲೋಬೋನ ಕೊಂಕಣಿಗೆ ಬಿದ್ದು, ಅಲ್ಲಿಂದ ನನ್ನ ಕನ್ನಡಕ್ಕೆ;
ಮೂರು ಪಾತ್ರೆ ದಾಟಿದ ಮಾತು, ರುಚಿ ಎಷ್ಟು ಉಳಿದಿತ್ತೋ:

ಪಾತ್ರೆಯೂ ಉಣ್ಣುತ್ತದಂತೆ.
ಬಿಸಿಯಲ್ಲಿ ಕುಡಿದದ್ದನ್ನು ಬಿಸಿಯಲ್ಲೇ ಕಾರುತ್ತದೆ
ಮುಂದಿನ ಅಡುಗೆಯೊಳಕ್ಕೆ.
ಒಂದು ಹಗಲು ಒಂದು ರಾತ್ರಿ ಸುಮ್ಮನೆ ಬಿಟ್ಟರೆ
ಒಳಗಿನ ರುಚಿ ಹಳಸುತ್ತದೆ, ಹಳಸಿದ್ದು ಕೆಡಿಸಲಾರದು.
ಹಾಗಂತ ಗೊತ್ತಿದ್ದೂ ಅದರಲ್ಲೇ ಬೇಯಿಸಕೂಡದು.
ಅರವತ್ತು ಪಾಲಿಗೆ ಒಂದು ಪಾಲು ಬಿದ್ದರೆ ಇಲ್ಲದಂತೆಯೇ,
ತಾನಾಗಿ ಬಿದ್ದರೆ. ಬೇಕೆಂದು ಹಾಕಿದರೆ ಆ ಲೆಕ್ಕ ನಡೆಯದು.
ತಣ್ಣಗೆ ಒಂದು ದಿನ ನೆನೆದದ್ದೂ ಬೆಂದದ್ದಕ್ಕೆ ಸಮ.

ಇದೊಂದು ನನಗೆ ತಟ್ಟನೆ ಹೊಕ್ಕಿತು.
ಅಪ್ಪೆಮಿಡಿ ಭರಣಿಯೊಳಗೆ
ಬೆಂಕಿ ಕಾಣದೆಯೇ ಬೇಯುವುದಿಲ್ಲವೇ.

ಕೊಪ್ಪರಿಗೆ ಒಂದು ದಿನ ಖಾಲಿ ನಿಂತಿತು.
ಮಂಗಳವಾರ ನೀರು ತುಂಬಿ ಉರಿ ಹಾಕಿದೆವು,
ಕುದಿದು, ಅಂಚು ಮೀರಿ, ಹೊರಮೈಗೆಲ್ಲ ಇಳಿಯಬೇಕು.
ಕಾಯುವ ಹೊತ್ತಿಗೆ ಚಹಾ.

ಕ್ಯಾಂಟೀನಿನ ಬೆಂಚಿನಲ್ಲಿ ನನ್ನ ಪಕ್ಕವೇ ಕೂತರು.
ಹಾಲಿಲ್ಲದ್ದು, ಗಾಜಿನ ಲೋಟದಲ್ಲಿ.
ತಮ್ಮ ಮುತ್ತಜ್ಜಂದಿರು ಕೊಂಕಣದ ಗಾಣದವರಂತೆ,
ಶನಿವಾರ ಎತ್ತಿನ ನೊಗ ಬಿಚ್ಚುತ್ತಿದ್ದರಂತೆ,
ಊರವರ ಎಳ್ಳೆಲ್ಲ ಅದೇ ಗಾಣಕ್ಕೆ.

“ಈ ಲೋಟ ಕುದಿಸುವುದು ಬೇಡವಾ?”
ಕೇಳಿಸಿದೆ ಲೋಬೋನ ಕೈಲಿ.
ನಕ್ಕರು. “ಗಾಜು ಏನನ್ನೂ ಕುಡಿಯುವುದಿಲ್ಲ.
ತೊಳೆದರೆ ಸಾಕು, ಹೊಸದು.
ಬೇರೆ ಸೀಮೆಯ ನಮ್ಮವರು ಒಪ್ಪಲಿಕ್ಕಿಲ್ಲ,
ನಮ್ಮ ಮನೆಯ ಕ್ರಮ ಇದು.”

ಸೊರಬದ ಬಸ್‌ಸ್ಟ್ಯಾಂಡಿನ ಎದುರಿನ ಹೋಟ್ಲು.
ಹಿತ್ತಲ ಗೋಡೆಯ ಸಂದಿಯಲ್ಲಿ ಒಂದು ಲೋಟ, ಬೋರಲು.
ಅಪ್ಪ ತಾನೇ ಇಳಿಸಬೇಕು, ಮೇಲಿಂದ ಹೊಯ್ಸಿಕೊಳ್ಳಬೇಕು,
ತಾನೇ ತೊಳೆದು ಅಲ್ಲೇ ಬೋರಲಿಡಬೇಕು.
ಕೊನೆಯ ಗುಟುಕು ನನಗೆ.
ಅದೂ ಗಾಜೇ. ತಳದಲ್ಲೊಂದು ಗಾಳಿಗುಳ್ಳೆಯಿತ್ತು.
ಎಷ್ಟು ತಾಸು ಬಿಟ್ಟರೆ ಕಳೆಯುತ್ತದೆ,
ಎಷ್ಟು ಪಾಲಿನಲ್ಲಿ ಇಲ್ಲವಾಗುತ್ತದೆ,
ಯಾವ ನೀರು ಉಕ್ಕಿಸಬೇಕು
ಯಾರೂ ಪುಸ್ತಕ ತೆರೆದು ಹೇಳಲಿಲ್ಲ.
ಅಪ್ಪನೂ ಕೇಳಲಿಲ್ಲ. ಚಹಾ ಆರುತ್ತಿತ್ತಲ್ಲ.

ಕೊಪ್ಪರಿಗೆ ಉಕ್ಕಿತು. ಸಾಹೇಬರ ಬೂಟು ನೆನೆಯಿತು.
ನೀರು ಬಸಿದ ಮೇಲೆ ನನ್ನನ್ನೇ ಕರೆದರು,
ಮೂಗಿಡು ಅಂತ ಸನ್ನೆ.
ಸಮುದ್ರವಿರಲಿಲ್ಲ. ಬಿಸಿ ಉಕ್ಕು ಅಷ್ಟೇ.
ಅವರು ಬರೆದರು; ಬಳಚಿಗೆ ಇನ್ನು ಬೇರೆ ಕೊಪ್ಪರಿಗೆ ಎಂದೂ ಬರೆದರು,
ಲೋಬೋ ಸಂಜೆವರೆಗೆ ಗೊಣಗಿದರು.

ಶಿಫ್ಟು ಬಿಡುವಾಗ ಕ್ಯಾಂಟೀನಿಗೆ ಹೋದೆ.
ತೊಳೆದ ಲೋಟ ಹದಿನೆಂಟು, ಒಂದೇ ಟ್ರೇಯಲ್ಲಿ.
ಅವರು ಕುಡಿದದ್ದು ಯಾವುದು, ನಾನು ಕುಡಿದದ್ದು ಯಾವುದು,
ಒಂದೊಂದಾಗಿ ಬಲ್ಬಿಗೆ ಹಿಡಿದು ನೋಡಿದೆ.
ಸಿಗಲಿಲ್ಲ.